ತರನ್ನುಮಳ ಕಿವಿ ಕಳವಾದ ಪ್ರಕರಣ

ಸವಣೂರ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಚನ್ನೇಶ ತನ್ನ ಸರ್ವೀಸಿನಲ್ಲಿ ಎಮ್ಮೆ ಕಳವು, ಪಂಪ್‌ಸೆಟ್ ಕಳವು, ಮದುವೆ ಮನೆಯಲ್ಲಿ ಚಪ್ಪಲಿ ಕಳವು ಎಲ್ಲವನ್ನೂ ಬರೆದುಕೊಂಡವನು. ಇನ್ನು ಹೊಸದೇನು ಬರುತ್ತದೆ ಅನ್ನುವ ಬೇಸರದಲ್ಲೇ ಕುರ್ಚಿಯಲ್ಲಿ ಕೂರುತ್ತಿದ್ದ. ಏಪ್ರಿಲ್ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಹತ್ತರ ಸುಮಾರಿಗೆ, ಎಲೆಬುಟ್ಟಿ ಹಿಡಿದ ಹೆಂಗಸೊಬ್ಬಳು ಆರು ವರ್ಷದ ಮಗಳ ಕೈ ಹಿಡಿದು ಬಂದಳು. ಮಗಳ ಕಿವಿ ಕಳವಾಗಿದೆ ಅಂದಳು.

ಬೆಂಡೋಲೆ ಇರಬೇಕು ಅಂದುಕೊಂಡ ಚನ್ನೇಶ, ಎಷ್ಟು ಗ್ರಾಂ ಅಂತ ಕೇಳಿದ. "ಬಂಗಾರ ಅಲ್ರಿ ಸಾಹೇಬ್ರ, ಕಿವೀನ ಹೋಗೇತಿ," ಅಂದಳು ಆಕೆ.

ಹೆಸರು ಶಾಕೀರಾ, ಸವಣೂರ ಪೇಟೆಯಲ್ಲಿ ವೀಳ್ಯದೆಲೆ ಮಾರುವವಳು. ಮಗಳು ತರನ್ನುಮ ಹುಟ್ಟಿದಾಗಿನಿಂದ ಕಿವುಡಿ. ಎರಡು ವರ್ಷದ ಹಿಂದೆ ಬಡವರ ರೇಶನ್ ಕಾರ್ಡು ತೋರಿಸಿ, ಸರ್ಕಾರದ ಆರೋಗ್ಯ ವಿಮೆಯಲ್ಲಿ ಆಪರೇಷನ್ ಆಗಿ, ಹುಡುಗಿಯ ತಲೆಯೊಳಗೆ ಒಂದು ಯಂತ್ರ ಕೂತಿತ್ತು. ಹೊರಗಿನದು ಇನ್ನೊಂದು, ಕಿವಿಯ ಹಿಂದೆ ತೊಡುವಂಥದ್ದು. ಅಯಸ್ಕಾಂತ ಕಚ್ಚಿ ಎರಡೂ ಕೂಡಿದರೆ ಮಾತ್ರ ಕೇಳಿಸುತ್ತದೆ. ಶಾಕೀರಾಳ ಕೈಯಿಂದ ಹೋದದ್ದು ಬಸ್ ಚಾರ್ಜು ಅಷ್ಟೇ. ಇಷ್ಟು ದೊಡ್ಡ ವಸ್ತು ಎಲೆ ಮಾರುವವಳ ಮಗಳಿಗೆ ಪುಕ್ಕಟೆ ಬಂತೇ ಅಂತ ಚನ್ನೇಶ ಹುಬ್ಬೇರಿಸಿದ. ಬಂದಿತ್ತು, ಯಾರ ಕೈಕಾಲೂ ಹಿಡಿಯದೆ.

ಹಿಂದಿನ ದಿನ ಬುಧವಾರ, ಶಿಗ್ಗಾಂವಿಯಲ್ಲಿ ಇಂಥ ಮಕ್ಕಳಿಗೆ ಮಾತು ಕಲಿಸುವ ತರಗತಿ. ಅದನ್ನು ಮುಗಿಸಿ ಬಂಕಾಪುರದ ಮೇಲೆ ಹಾಯ್ದು ಬರುವ ಬಸ್ಸು ಹತ್ತಿದ್ದಳು. ಮಗಳು ನಿದ್ದೆಗೆ ಜಾರಿದಾಗ, ಯಂತ್ರ ಕಳಚಿ ಬಿದ್ದೀತೆಂದು ತೆಗೆದು ಡಬ್ಬಿಗೆ ಹಾಕಿ ಚೀಲದಲ್ಲಿಟ್ಟಳು. ಸವಣೂರಲ್ಲಿ ಇಳಿದು ನೋಡಿದರೆ ಡಬ್ಬಿಯಿಲ್ಲ. ಪರ್ಸು ಮಾತ್ರ ಹಾಗೇ ಇದೆ, ಒಳಗಿನ ದುಡ್ಡೂ ಇದೆ.

ದುಡ್ಡು ಬಿಟ್ಟು ಡಬ್ಬಿ ಒಯ್ಯುವ ಕಳ್ಳ ಎಲ್ಲಿಯವನು? ಬಸ್ಸಲ್ಲೇ ಬಿದ್ದಿರುತ್ತದೆ, ಡಿಪೋದಲ್ಲಿ ವಿಚಾರಿಸಮ್ಮಾ ಅಂತ ಸಾಗಹಾಕಲು ಅವನು ಬಾಯಿ ತೆರೆಯುವಷ್ಟರಲ್ಲಿ ಪಿಎಸ್‌ಐ ಸುಧಾರಾಣಿ ಮೇಡಂ ಹೊರಗೆ ಬಂದರು. ಬಂದು ನಾಲ್ಕು ತಿಂಗಳಾಗಿತ್ತಷ್ಟೇ. ಸೀನಿದ್ದಕ್ಕೂ ಎಫ್‌ಐಆರ್ ಅನ್ನುವ ಹುಡುಗಿ ಅಂತ ಚನ್ನೇಶ ಮನೆಯಲ್ಲಿ ಹೆಂಡತಿಯ ಮುಂದೆ ಗೊಣಗುತ್ತಿದ್ದ.

ಏನಾಯಿತೆಂದು ಅವರು ಕೇಳಿದ್ದಕ್ಕೆ ಶಾಕೀರಾ ಮಾಡಿಯೇ ತೋರಿಸಿದಳು. ಬುಟ್ಟಿಯಿಂದ ಒಂದು ಎಲೆ ತೆಗೆದು ಮಗಳ ಕೈಗೆ ಕೊಟ್ಟಳು. ತರನ್ನುಮ ಅದನ್ನು ಕೆನ್ನೆಗೆ ಹಿಡಿದು ಕಾಯುತ್ತ ನಿಂತಳು. ತಾಯಿ ಬೆನ್ನ ಹಿಂದೆ ಹೋಗಿ ಒಂದೊಂದೇ ಸದ್ದು ಮಾಡಿದಳು. ಆ. ಈ. ಊ. ಶ್. ಎಲೆ ಕೆನ್ನೆ ಬಿಟ್ಟು ಕದಲಲಿಲ್ಲ.

"ದಿನಾ ಮುಂಜಾನಿ ಹಿಂಗ ನೋಡೂದ್ರಿ," ಅಂದಳು. "ಕೇಳಿಸಿದ್ರ ಎಲಿ ಬುಟ್ಟ್ಯಾಗ ಹಾಕ್ತಾಳ. ನಿನ್ನಿಯಿಂದ ಒಂದ ಎಲಿ ಬಿದ್ದಿಲ್ರಿ. ಹಿಂಗ ಕುಂತ್ರ ಕಲ್ತ ಮಾತೂ ಮರೀತಾಳಂತ, ಟೀಚರ್ ಹೇಳ್ಯಾರ."

ಹುಡುಗಿ ಇನ್ನೂ ಎಲೆ ಹಿಡಿದೇ ನಿಂತಿದ್ದಳು, ತಪ್ಪು ತನ್ನದೇ ಎಂಬಂತೆ ಒಬ್ಬೊಬ್ಬರ ಮುಖ ನೋಡುತ್ತ. ಮೇಡಂ ಹೇಳುವ ಮೊದಲೇ ಚನ್ನೇಶ ಎಫ್‌ಐಆರ್ ಬರೆಯಲು ಕಾಗದ ಎಳೆದುಕೊಂಡ.

ತನಿಖೆಯ ಮೊದಲ ದಿನ ಅವನು ತನ್ನ ಹಳೇ ದಾರಿಯನ್ನೇ ಹಿಡಿದ. ಡಿಪೋಕ್ಕೆ ಹೋಗಿ ಬಸ್ಸಿನ ಸೀಟಿನಡಿಯೆಲ್ಲ ತಡಕಿದ, ಗುಜರಿ ಅಂಗಡಿ ತಿರುಗಿದ. ಕಡೆಗೆ ಬಸ್‌ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಮಾಡುವ ಅಲ್ತಾಫನ ಮುಂದೆ ಯಂತ್ರದ ಫೋಟೋ ಹಿಡಿದ. ಕದ್ದ ಮಾಲು ಊರಿಗೆ ಬಂದರೆ ಅಲ್ತಾಫನಿಗೆ ವಾಸನೆ ಹತ್ತುತ್ತದೆ. ಫೋಟೋ ನೋಡಿ ಅವನು ನಕ್ಕುಬಿಟ್ಟ. ಚನ್ನೇಶಣ್ಣ, ಇದನ್ನು ಕೊಳ್ಳುವವರು ಯಾರು, ಇದು ಕೆಲಸ ಮಾಡಬೇಕಾದರೆ ತಲೆಯೊಳಗೆ ಇದರ ಜೋಡಿ ಇರಬೇಕಲ್ಲ ಅಂದ.

ದಿನವಿಡೀ ಬಿಸಿಲಲ್ಲಿ ಸುತ್ತಿ ಬರಿಗೈಯಲ್ಲಿ ಬಂದೆ ಅಂತ ಚನ್ನೇಶ ಮುಖ ಸಪ್ಪಗೆ ಮಾಡಿ ವರದಿ ಒಪ್ಪಿಸಿದ. ಮೇಡಂ ಮಾತ್ರ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಹಂಗಾರ ಕಳ್ಳನ ಮನ್ಯಾಗ ಅಂಥಾ ತಲಿ ಐತಿ, ಚನ್ನೇಶ್ ಅವರ."

ಅಯ್ಯೋ ನನ್ನ ತಲೆಯೇ ಅಂತ ಚನ್ನೇಶ ಹಣೆ ಬಡಿದುಕೊಂಡ. ಅಲ್ತಾಫ ಕೊಟ್ಟ ಸುಳಿವನ್ನು ತಾನೇ ಹೊತ್ತು ತಂದು, ತಾನೇ ಗುರುತಿಸಿರಲಿಲ್ಲ. ತರಗತಿಗೆ ಬರುವ ಎಲ್ಲ ಮನೆಯವರನ್ನೂ ಠಾಣೆಗೆ ಕರೆಸಲೇ ಅಂತ ಉತ್ಸಾಹದಿಂದ ಕೇಳಿದ. ಮೇಡಂ ಬೇಡ ಅಂದರು. ಮಕ್ಕಳ ಸಲುವಾಗಿ ಆಸ್ಪತ್ರೆ, ಕಚೇರಿ ಅಂತ ಎಲ್ಲ ಕಡೆ ಪಾಳಿ ಹಚ್ಚಿ ನಿಂತು ಬಂದ ಜನ, ಠಾಣೆಯ ಮುಂದೂ ಅವರನ್ನು ನಿಲ್ಲಿಸುವುದು ಬೇಡ ಅಂದರು. ಆ ಮಾತು ಅವನ ಮನಸ್ಸಿನಲ್ಲಿ ಉಳಿಯಿತು.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಸಾದಾ ಬಟ್ಟೆಯಲ್ಲಿ ಶಿಗ್ಗಾಂವಿಗೆ ಹೋಗಿ, ತರಗತಿ ನಡೆಸುವ ಸುಮೇರಾ ಟೀಚರನ್ನು ಕಂಡರು. ಅದೇ ಕಂಪನಿಯ ಯಂತ್ರದ ಮಕ್ಕಳು ಆರು ಜನ. ಸದ್ದು ಗುರುತಿಸುವ ಆಟವನ್ನು ಅವರವರ ಮನೆಯಲ್ಲಿ ಇರುವ ಸಾಮಾನಿನಲ್ಲೇ ಆಡಿಸಲು ಟೀಚರು ಹೇಳಿಕೊಟ್ಟಿದ್ದರು. ಶಾಕೀರಾಳ ಮನೆಯಲ್ಲಿ ಎಲೆ, ಇನ್ನೊಬ್ಬರಲ್ಲಿ ಶೇಂಗಾ, ಬಂಕಾಪುರದ ಪಂಕ್ಚರ್ ಅಂಗಡಿಯ ಪರಮೇಶಪ್ಪನಲ್ಲಿ ಕಬ್ಬಿಣದ ನಟ್ಟು. ಎಲ್ಲರ ಯಂತ್ರವೂ ನೆಟ್ಟಗಿದೆಯೇ ಅಂತ ಮೇಡಂ ಕೇಳಿದಾಗ ಟೀಚರು ತಡವರಿಸಿದರು.

ಪರಮೇಶಪ್ಪನ ಮಗ ಮಾಲತೇಶನದು ಎರಡು ತಿಂಗಳ ಹಿಂದೆ ಟ್ಯೂಬು ಅದ್ದಿ ನೋಡುವ ನೀರಿನ ತೊಟ್ಟಿಗೆ ಬಿದ್ದು ಕೆಟ್ಟಿತ್ತು. ಗ್ಯಾರಂಟಿ ಮುಗಿದಿತ್ತು. ಅಪ್ಪ ಬೇರೆಯದಕ್ಕೆ ಅರ್ಜಿ ಹಾಕಿದ್ದ, ಉತ್ತರ ಬಂದಿರಲಿಲ್ಲ. ಬುಧವಾರ ಮಗ ಬರಿ ಕಿವಿಯಲ್ಲೇ ಬಂದು ಕೂತು ಹೋಗಿದ್ದ. ಒಬ್ಬರ ಯಂತ್ರ ಇನ್ನೊಬ್ಬರಿಗೆ ಆಗುತ್ತದೆಯೇ? ಇವರಿಬ್ಬರ ಮಾದರಿ ಒಂದೇ, ಕೇಳಿಸುವುದೇನೋ ಕೇಳಿಸುತ್ತದೆ, ಆದರೆ ಆ ಕಿವಿಗೆ ಹೊಂದಿಸಿದ್ದು ಈ ಕಿವಿಗೆ ಸರಿಹೋಗುವುದಿಲ್ಲ, ಜೋರು ಸದ್ದಿಗೆ ಮಗು ಬೆಚ್ಚುತ್ತದೆ ಅಂತ ಟೀಚರು ನೆಲ ನೋಡುತ್ತ ಹೇಳಿದರು.

ಮೇಡಂ ಶಾಕೀರಾಳಿಗೆ ಫೋನು ಹಚ್ಚಿ, ಪರಮೇಶಪ್ಪ ಆ ಬಸ್ಸಿನಲ್ಲಿದ್ದನೇ ಅಂತಷ್ಟೇ ಕೇಳಿದರು. ಇದ್ದರು, ನಾನು ಮಗಳನ್ನು ಮಡಿಲಿಗೆ ಎಳೆದುಕೊಳ್ಳುವಾಗ ಚೀಲ ಹಿಡಿದುಕೊಂಡಿದ್ದರು ಅಂದಳು. ಮೇಡಂ ಯಾಕೆ ಕೇಳಿದರೆಂದು ಆಮೇಲೆ ಹೊಳೆಯಿತು. "ಅವರಲ್ರಿ ಮೇಡಂ. ಅವರು ನಮ್ಮಂಥವರ," ಅಂದಳು.

ಬಂಕಾಪುರ ತಲುಪಿದಾಗ ಮಧ್ಯಾಹ್ನ ಎರಡಾಗಿತ್ತು. ಹೆದ್ದಾರಿ ಬದಿಯ ಅಂಗಡಿಯಲ್ಲಿ ಪರಮೇಶಪ್ಪ ತೊಟ್ಟಿಯಲ್ಲಿ ಟ್ಯೂಬು ಅದ್ದಿ ಗುಳ್ಳೆ ಹುಡುಕುತ್ತಿದ್ದ. ಪಕ್ಕದಲ್ಲಿ ಹಳೇ ಟಾಯರಿನ ಮೇಲೆ, ಇವರಿಗೆ ಬೆನ್ನು ಮಾಡಿ, ಐದು ವರ್ಷದ ಮಾಲತೇಶ ಕೂತಿದ್ದ. ಮುಂದೆ ಒಂದು ಡಬ್ಬಿ, ಒಂದಿಷ್ಟು ನಟ್ಟು. ಏಪ್ರಿಲ್ ಬಿಸಿಲಿನಲ್ಲಿ ಹುಡುಗನ ತಲೆಗೆ ಉಣ್ಣೆಯ ಟೋಪಿ, ಕಿವಿ ಮುಚ್ಚುವಂತೆ ಎಳೆದದ್ದು. ಅದನ್ನು ಕಂಡದ್ದು ಚನ್ನೇಶನೇ. ಮೇಡಂ ಕಡೆ ಕಣ್ಣು ಮಾಡಿದ.

ಅವನು ಪರಮೇಶಪ್ಪನ ಹತ್ತಿರ ಬೈಕಿನ ಹಿಂದಿನ ಗಾಲಿ ಅಂತ ಮಾತು ತೆಗೆದ. ಮೇಡಂ ಹುಡುಗನ ಬೆನ್ನ ಹಿಂದೆ ನಾಲ್ಕು ಮಾರು ದೂರ ನಿಂತು, ಮಲಗಿದ ಕೂಸಿಗೂ ಎಚ್ಚರವಾಗದಷ್ಟು ಮೆಲ್ಲಗೆ ಅಂದರು: "ಶ್..."

ಹುಡುಗ ಒಂದು ನಟ್ಟು ಎತ್ತಿ ಕೆನ್ನೆಗೆ ಹಿಡಿದ. ಡಬ್ಬಿಗೆ ಹಾಕಿದ. ಟಣ್.

"ಊ..."

ಟಣ್.

ತೊಟ್ಟಿಯಲ್ಲಿ ಪರಮೇಶಪ್ಪನ ಕೈ ನಿಂತುಹೋಯಿತು. ಸಾದಾ ಸೀರೆಯಲ್ಲಿದ್ದರೂ ಎದುರಿಗೆ ನಿಂತದ್ದು ಯಾರೆಂದು ಅವನಿಗೆ ತಿಳಿದಿತ್ತು. "ಹೌದ್ರಿ, ನಾನ ತಗೊಂಡೇನಿ," ಅಂದ.

ಎದುರಿನ ಚಾ ಅಂಗಡಿಯ ಫಯಾಜ ಮತ್ತು ಪಕ್ಕದ ಟೇಲರ್ ಸಾಕ್ಷಿಗೆ ಪಂಚರಾದರು. ಟೋಪಿ ತೆಗೆದರೆ ಕಿವಿಯ ಹಿಂದೆ ಯಂತ್ರ, ಶಾಕೀರಾ ದೂರಿನಲ್ಲಿ ಬರೆಸಿದ ನಂಬರೇ ಅದರ ಮೇಲೆ. ಚನ್ನೇಶ ಪಂಚನಾಮೆ ಬರೆಯುತ್ತ ಕೂತ. ಇನ್ನು ಯಂತ್ರ ಜಪ್ತಿ ಮಾಡಬೇಕು ಅನ್ನುವಾಗ ಪರಮೇಶಪ್ಪ ಕೈ ಮುಗಿದ.

"ಮೇಡಂ, ತಗಿಯೂಕಿಂತ ಮೊದಲ ಅವಗ ಒಂದ ಮಾತ ಹೇಳ್ಲೇನ್ರಿ? ಆಮ್ಯಾಲ ಅವಗ ಕೇಳಂಗಿಲ್ಲ."

ಸಿಕ್ಕಿಬಿದ್ದ ಆರೋಪಿಗಳು ನೀರು ಕೇಳಿದ್ದನ್ನು, ಬೀಡಿ ಕೇಳಿದ್ದನ್ನು ಚನ್ನೇಶ ಕಂಡಿದ್ದ. ಇಂಥದ್ದನ್ನು ಕೇಳಿದವರಿಲ್ಲ. ಮೇಡಂ ತಲೆಯಾಡಿಸಿದರು. ಪರಮೇಶಪ್ಪ ಮಗನ ಮುಂದೆ ಕುಕ್ಕರಗಾಲಲ್ಲಿ ಕೂತ. "ಅಪ್ಪ ಊರಿಗೆ ಹೋಗಿ ಬರ್ತಾನಪಾ. ನೀ ಅವ್ವನ ಹತ್ರ ಇರು," ಅಂದ. ಹುಡುಗ ತಲೆಯಾಡಿಸಿದ. ಆಮೇಲೆ ಪರಮೇಶಪ್ಪ ಬೆರಳಿನ ಗ್ರೀಸನ್ನು ಅಂಗಿಗೆ ಒರೆಸಿಕೊಂಡು, ಯಂತ್ರವನ್ನು ಮೆತ್ತಗೆ ಬಿಡಿಸಿ, ಅದರ ಡಬ್ಬಿಯಲ್ಲೇ ಇಟ್ಟು ಕೊಟ್ಟ. ಮೂರೂ ಕಾಲಿಗೆ ದಸ್ತಗಿರಿಯಾಯಿತು.

ಅವನ ಹೆಂಡತಿ ಓಡಿಬಂದು ಮಗನನ್ನು ಎತ್ತಿಕೊಂಡಳು. ಠಾಣೆಯಿಂದ ತರಿಸಿದ ಜೀಪು ಹೊರಟಾಗ ಚನ್ನೇಶ ತಿರುಗಿ ನೋಡಿದ. ಹುಡುಗ ತಾಯಿಯ ಕಂಕುಳಲ್ಲಿ ಕೂತು, ನಟ್ಟೊಂದನ್ನು ಕೆನ್ನೆಗೆ ಹಿಡಿದು ಕಾಯುತ್ತಿದ್ದ.

ಜಪ್ತಿಯಾದ ಮಾಲು ಕೇಸು ಮುಗಿಯುವ ತನಕ ಕೋರ್ಟಿನ ಕೋಣೆಯಲ್ಲಿ ಧೂಳು ತಿನ್ನುವುದು ರೂಢಿ. ಸುಧಾರಾಣಿ ಮೇಡಂ ಅದಕ್ಕೆ ಒಪ್ಪಲಿಲ್ಲ. ಯಂತ್ರ ಕೋಣೆಯಲ್ಲಿದ್ದಷ್ಟು ದಿನ ಕೂಸಿನ ಕಿವಿಯೂ ಅಲ್ಲೇ ಇರುತ್ತದೆ ಅಂತ ಮರುದಿನ ನ್ಯಾಯಾಧೀಶರ ಮುಂದೆ ಹೇಳಿ, ಬಾಂಡ್ ಬರೆಸಿಕೊಂಡು ಬಿಡುಗಡೆ ಮಾಡಿಸಿದರು. ಅಂದು ಸಂಜೆ ಠಾಣೆಯಲ್ಲಿ ತರನ್ನುಮ ಒಂದೊಂದೇ ಎಲೆಯನ್ನು ಬುಟ್ಟಿಗೆ ಹಾಕಿದಳು, ಒಂದೂ ತಪ್ಪಲಿಲ್ಲ. ಚನ್ನೇಶ ಕನ್ನಡಕ ಒರೆಸುವ ನೆಪ ಮಾಡಿದ. ಎಂಥಾ ಅಧಿಕಾರಿ ಸಿಕ್ಕಾರಪ್ಪಾ ನಮಗೆ ಅಂತ ಆ ರಾತ್ರಿ ಊಟದ ಹೊತ್ತಿಗೆ ಅವನೇ ಹೆಂಡತಿಯ ಮುಂದೆ ಅಂದ.

ದೂರು ಹಿಂದೆ ತೆಗೆದುಕೊಳ್ಳುವ ವಿಚಾರವೇನಾದರೂ ಇದೆಯೇ ಅಂತ ಅವನು ಶಾಕೀರಾಳನ್ನು ಕೇಳಿದ್ದ.

"ಇಲ್ರಿ. ಕಳವು ಕಳವರಿ. ನನ್ನ ಮಗಳು ಮೂರ ದಿನ ಕಿವುಡಾಗಿ ಕುಂತಾಳ," ಅಂದಿದ್ದಳು ಆಕೆ. "ಆದ್ರ ಆ ಹುಡುಗನ ತಪ್ಪೇನೈತ್ರಿ? ಅವರಪ್ಪ ಬರೂತನಕಾ ಬುಧವಾರ ಕ್ಲಾಸಿಗೆ ನಾ ಕರಕೊಂಡ ಹೋಗ್ತೇನಿ. ಬಾಯಿ ನೋಡಿ ಆದ್ರೂ ಮಾತು ನೆನಪಿಟ್ಕೊಳ್ಳಲಿ."

ಹೇಳಿದಂತೆ ಕರೆದುಕೊಂಡೂ ಹೋದಳು.

ಯಾಕೆ ಕದ್ದೆ ಅಂತ ಮೇಡಂ ಕೇಳಿದ್ದಕ್ಕೆ ಪರಮೇಶಪ್ಪ ಹೇಳಿದ್ದು ಸ್ವಲ್ಪವೇ. ಯಂತ್ರ ಕೆಟ್ಟ ಮೇಲೆ ಮಗನ ಮಾತುಗಳು ಒಂದೊಂದೇ ಉದುರತೊಡಗಿದವು. ಹಾಲು ಹೋಯಿತು, ಬಸ್ಸು ಹೋಯಿತು. ಅವನ ಬಾಯಲ್ಲಿ ಮೊಟ್ಟಮೊದಲು ಬಂದ ಮಾತು ಅಪ್ಪ. ಕಳೆದ ವಾರ ಅದೂ ಹೋಯಿತು. ಬಸ್ಸಲ್ಲಿ ಚೀಲ ಕೈಗೆ ಬಂದಾಗ ತನಗೆ ಬೇರೆ ಯಾವುದೂ ಕಾಣಲಿಲ್ಲ, ಆ ಹುಡುಗಿಯ ಮುಖ ಕೂಡ ಕಾಣಲಿಲ್ಲ, ಅದೇ ತನ್ನ ತಪ್ಪು ಅಂದ.

ಮೇಡಂ ಅವನ ಮೇಲೆ ದೋಷಾರೋಪಣೆ ಪಟ್ಟಿಯನ್ನೂ ಸಲ್ಲಿಸಿದರು, ಅವನ ಅರ್ಜಿಯ ಬೆನ್ನು ಹತ್ತಿ ಹಾವೇರಿಯ ಕಚೇರಿಗೂ ತಿರುಗಿದರು. ಹೊಸ ಯಂತ್ರ ಮಂಜೂರಾಯಿತು, ಅವನ ರೇಶನ್ ಕಾರ್ಡಿನ ಮೇಲೆ.

ಮಳೆಗಾಲ ಶುರುವಾದ ಮೇಲೆ ಒಂದು ದಿನ, ಜಾಮೀನಿನ ಮೇಲೆ ಬಂದಿದ್ದ ಪರಮೇಶಪ್ಪನಿಗೆ ಸಮನ್ಸ್ ಕೊಡಲು ಚನ್ನೇಶ ಬಂಕಾಪುರಕ್ಕೆ ಹೋದ. ಮಾಲತೇಶ ಟಾಯರಿನ ಮೇಲೆ ಬೆನ್ನು ಮಾಡಿ ಕೂತಿದ್ದ, ಬರಿದಲೆಯಲ್ಲಿ, ಕಿವಿಯ ಹಿಂದೆ ಹೊಸ ಯಂತ್ರ. ಬೂಟಿನ ಸದ್ದಿಗೆ ತಿರುಗಿ, ಖಾಕಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅಂಗಡಿಯ ಒಳಕ್ಕೆ ಕೂಗಿದ.

"ಅಪ್ಪಾ."

ಚನ್ನೇಶ ಸಮನ್ಸನ್ನು ಕಿಸೆಯಲ್ಲೇ ಬಿಟ್ಟು, ಹುಡುಗನ ಪಕ್ಕದಲ್ಲಿ ಟಾಯರಿನ ಮೇಲೆ ಕೂತ. ಅವರಪ್ಪ ಹೊರಗೆ ಬರುವ ತನಕ ಅದನ್ನು ಹೊರಗೆ ತೆಗೆಯಲಿಲ್ಲ.