ಒಪ್ಪಿಗೆ ಮುದ್ರೆ ಬಿದ್ದ ಕೆಂಪು

ಅವಳು ಒಪ್ಪಿಗೆ ಮುದ್ರೆ ಒತ್ತಿ ಕಳಿಸಿದ್ದ ಕೆಂಪು ಬಟ್ಟೆಯನ್ನು ಬಣ್ಣದ ಮೇಸ್ತ್ರಿ ಮತ್ತೆ ತೊಟ್ಟಿಗೆ ಇಳಿಸುತ್ತಿದ್ದ. ಅದೂ ಎಲ್ಲರೂ ಊಟಕ್ಕೆ ಹೋದ ಹೊತ್ತು ನೋಡಿ! ಸಿಟ್ಟು ಬರದೆ ಇರುತ್ತದೆಯೇ? ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಯಾವ ಬಟ್ಟೆಯ ಶೇಡು, ಅಂದರೆ ಬಣ್ಣದ ಛಾಯೆ, ಮಾದರಿಗೆ ಹೊಂದಿತು, ಯಾವುದು ಹೊಂದಲಿಲ್ಲ ಎಂದು ತೀರ್ಪು ಕೊಡುವವಳು ಅವಳೊಬ್ಬಳೇ. ಎಲ್ಲರ ಬಾಯಲ್ಲೂ ಅವಳು ‘ಶೇಡಮ್ಮ’.

“ಓಹೋ! ನನ್ನ ಬೆನ್ನ ಹಿಂದೆ ಇದಾ ನಿಮ್ಮ ಕಾರುಬಾರು?”

ಮೇಸ್ತ್ರಿ ಇಂಗು ತಿಂದ ಮಂಗನಂತೆ ನಿಂತ. ಮೊಣಕೈವರೆಗೂ ಕೆಂಪು. ನೋಟ ಮಾತ್ರ ಅವಳ ಮುಖದ ಮೇಲೆ, ಎಂದಿನ ಹಾಗೆ ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚೇ ನಿಂತಿತ್ತು.

“ಬಟ್ಟೆ ಸ್ವಲ್ಪ ಕೊಳೆಯಾಗಿತ್ತು...”

“ಕೊಳೆ ತೊಳೆಯೋಕೆ ಬಣ್ಣ ಹಾಕ್ತಾರಾ? ನನ್ನ ಕಿವಿಗೆ ಹೂ ಮುಡಿಸ್ಬೇಡಿ! ನನ್ನ ಕೆಲಸದ ಮೇಲೆ ಕಣ್ಣು ಬಿತ್ತಾ ನಿಮಗೆ?”

ಬಟ್ಟೆ ಕಿತ್ತುಕೊಳ್ಳಲು ಬಗ್ಗಿದಳು, ಅಷ್ಟೇ. ಕಣ್ಣಿಗೆ ಬೂದು ಪರದೆ ಬಿತ್ತು. ಕಿವಿಯೊಳಗೆ ಅವಳದೇ ನಾಡಿ ಹುಸ್ ಹುಸ್ ಎಂದು ಬಡಿಯಿತು. ತಿಂಗಳುಗಳಿಂದ ತಲೆ ಸಿಡಿಯುತ್ತಿದ್ದರೂ ನಿದ್ದೆ ಸಾಲದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ದಿನ ದೂಡಿದ್ದಳು. ಈಗ ಬೀಳದಂತೆ ಹಿಡಿದದ್ದು ಆ ಕೆಂಪು ಕೈಗಳೇ.

ಮೇಸ್ತ್ರಿ ಅವಳನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ಕೇಳಿ ಅವಳ ಅತ್ತಿಗೆ ಓಡಿ ಬಂದಳು. ನಾದಿನಿಯ ತೋಳಿನ ಮೇಲೆ ಐದು ಬೆರಳಿನ ಕೆಂಪು ಗುರುತು ಕಂಡು, “ಇದೇನೇ, ಮೇಸ್ತ್ರಿ ಸಹಿ ಹಾಕಿಯೇ ಬಿಟ್ಟಿದಾನಲ್ಲ!” ಎಂದಳು. ಕಿಚಾಯಿಸುವಾಗಲೂ ಅವಳ ಕಣ್ಣಲ್ಲಿ ನೀರಿತ್ತು.

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು. “ಸ್ಕ್ಯಾನಲ್ಲಿ ಗೆಡ್ಡೆ ಗಿಡ್ಡೆ ಏನೂ ಇಲ್ಲ, ಅದೊಂದು ಪುಣ್ಯ. ಮಿದುಳಿನ ಸುತ್ತ ಮೂರು ಪೊರೆ ಇರುತ್ತೆ. ಒಳಗಿನ ಎರಡರ ನಡುವೆ ತಿಳಿನೀರು. ಆ ನೀರಿನ ಒತ್ತಡ ಏರಿದ ಹಾಗಿದೆ. ಅದೇ ಪೊರೆ ಕಣ್ಣಿನ ನರಕ್ಕೂ ಹೊದ್ದಿರುತ್ತೆ, ಅದಕ್ಕೇ ನರ ಊದಿಕೊಂಡಿದೆ.”

“ಯಾಕೆ ಏರಿತು?” ಎಂದಳು ಶೇಡಮ್ಮ.

“ಗೊತ್ತಿಲ್ಲಮ್ಮ. ಎಷ್ಟೋ ಜನರಲ್ಲಿ ಕಾರಣ ಸಿಗೋದೇ ಇಲ್ಲ. ಬಣ್ಣಗಳು ಮಂಕಾಗಿ ಕಾಣ್ತವಾ?”

“ನನಗಾ? ಬಣ್ಣ ನೋಡೋದೇ ನನ್ನ ಕೆಲಸ. ಒಂದೂ ತಪ್ಪಿಲ್ಲ.”

“ತಪ್ಪಿದೆ,” ಎಂದ ಮೇಸ್ತ್ರಿ, ಬಾಗಿಲ ಬಳಿಯಿಂದ. “ಕೆಂಪೆಲ್ಲಾ ತಪ್ಪಿದೆ. ಬಹಳ ದಿನದಿಂದ. ನಾನೇ ಮತ್ತೆ ಅದ್ದಿ ಸರಿ ಮಾಡ್ತಿದ್ದೆ.”

ಡಾಕ್ಟರಮ್ಮ ನಿಟ್ಟುಸಿರಿಟ್ಟರು. ಮೊದಲೇ ಬಂದಿದ್ದರೆ ಚೆನ್ನಾಗಿತ್ತು, ಎಡಗಣ್ಣಿಗೆ ಆಗಲೇ ಪೆಟ್ಟು ಬಿದ್ದಿದೆ, ಅಲ್ಲಿ ಹೋದದ್ದು ಪೂರ್ತಿ ಬರಲಿಕ್ಕಿಲ್ಲ ಎಂದರು. ಇನ್ನು ಬೆನ್ನಿಗೆ ಸೂಜಿ ಹಾಕಿ ಆ ನೀರು ತೆಗೆದು ಒತ್ತಡ ಅಳೆದು, ಔಷಧಿ ಕೊಟ್ಟು, ಬಲಗಣ್ಣನ್ನಾದರೂ ಉಳಿಸಲು ನೋಡಬೇಕು ಎಂದರು. ಸಿದ್ಧತೆಗೆಂದು ಅವರು ಹೊರಗೆ ಹೋದರು. ಅತ್ತಿಗೆಯೂ ಮೆಲ್ಲಗೆ ಹಿಂದೆಯೇ ಹೋದಳು.

“ಯಾಕೆ ಹೇಳಲಿಲ್ಲ?” ಅವಳು ಮೇಸ್ತ್ರಿಯ ಕಡೆ ತಿರುಗಿದಳು.

“ಹೇಳಿದ್ರೆ ನಿಮ್ಮನ್ನ ಕೆಲಸದಿಂದ ತೆಗೀತಿದ್ರು. ಆಮೇಲೆ ನಿಮ್ಮನ್ನ ನೋಡೋಕೆ ನಾನೆಲ್ಲಿಗೆ ಹೋಗ್ಲಿ?”

ಅಯ್ಯೋ, ಇಂಥ ಮಾತಿಗೆ ಹೆಣ್ಣುಜೀವ ಕರಗಬೇಕೋ, ಕೆನ್ನೆಗೆ ಬಾರಿಸಬೇಕೋ? ಅವಳಿಗೆ ಎರಡೂ ಬೇಕೆನಿಸಿತು. ಈ ಮಾತಿಗಾಗಿ ಎಷ್ಟು ದಿನ ಕಾದಿದ್ದಳು! ಬಂದದ್ದು ಕಣ್ಣಿನ ಬೆಲೆ ಕೇಳಿಕೊಂಡು.

“ಹೊರಗೆ ನಡೀರಿ,” ಎಂದಳು. ಅವನು ತಲೆ ತಗ್ಗಿಸಿ ಹೊರಟ.

ಸೂಜಿಯ ಹೊತ್ತಿಗೆ ಅವಳು ಮಂಡಿಯನ್ನು ಎದೆಗೆ ಮಡಚಿ ಪಕ್ಕಕ್ಕೆ ಮಲಗಿದಳು. ಜೀವ ಬಾಯಿಗೆ ಬಂದಿತ್ತು. “ಅವರನ್ನ ಕರೀರಿ,” ಎಂದಳು ನರ್ಸಿಗೆ. “ಸಿಟ್ಟಿದೆ. ಆದರೂ ಕರೀರಿ.” ಮುಗಿಯುವವರೆಗೂ ಅವನ ಬೆರಳುಗಳನ್ನು ಹಿಂಡಿದಳು.

ಮರುದಿನ ಅವನು ಮಡಿಕೆ ಮುರಿಯದ ಅಂಗಿ ತೊಟ್ಟು ಬಂದ. ತಲೆಭಾರ ಸ್ವಲ್ಪ ಇಳಿದಿತ್ತು. ಅವಳು ಬಲಗಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು ನೋಡಿದಳು.

“ಕಂದು ಅಂಗಿ. ಅಲ್ವಾ?”

ಹೌದು ಎಂದಿದ್ದರೆ ಅವಳು ನಕ್ಕುಬಿಡುತ್ತಿದ್ದಳು.

“ಅಲ್ಲ. ಕೆಂಪು.”

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ಸುಮ್ಮನಿರು ಎನ್ನಲಿಲ್ಲ.

“ಬಲಗಣ್ಣು ಉಳಿಯುತ್ತಾ, ಹೇಳು,” ಎಂದಳು ಕೊನೆಗೆ. ‘ನೀವು’ ಯಾವಾಗ ‘ನೀನು’ ಆಯಿತೋ ಇಬ್ಬರಿಗೂ ತಿಳಿಯಲಿಲ್ಲ.

“ಗೊತ್ತಿಲ್ಲ ಕಣೇ. ನಾನಿರ್ತೀನಿ, ಅಷ್ಟು ಗೊತ್ತು.”

ಅವಳು ಮೆಲ್ಲಗೆ ಸರಿದು ಹಾಸಿಗೆಯ ಅಂಚಿನಲ್ಲಿ ಅವನಿಗೆ ಕೂರಲು ಜಾಗ ಮಾಡಿದಳು.