ಬಿಳುಚಿದ ಪರದೆ

ಕೊಳಚೆ ನೀರು ಶುದ್ಧೀಕರಣ ಘಟಕದ ತೊಟ್ಟಿಯೊಳಗೆ ಸಾಲಾಗಿ ಇಳಿಬಿಟ್ಟಿದ್ದ ನಾನ್ನೂರು ಪರದೆಗಳು ಬೆಳಗಿನ ಬಿಸಿಲಿನಲ್ಲಿ ಕಡು ಹಸಿರಾಗಿದ್ದವು. ಹಸಿರೆಂದರೆ ಹೊಟ್ಟೆ ತುಂಬ ಉಣ್ಣುತ್ತಿವೆ ಎಂದರ್ಥ. ಪರದೆಯ ಎಳೆಎಳೆಯಲ್ಲೂ ನೆಲೆಸಿದ್ದ ಸೂಕ್ಷ್ಮಜೀವಿಗಳು ಊರಿನ ಬಚ್ಚಲು, ಪಾಯಿಖಾನೆಗಳಿಂದ ಹರಿದು ಬಂದ ಅಮೋನಿಯಾ, ರಂಜಕಗಳನ್ನು ತಿಂದು, ಔಷಧಿಗಳ ಶೇಷವನ್ನೂ ಬಿಡದೆ ಮುಗಿಸುತ್ತಿದ್ದವು. ಹಳೆಯ ಘಟಕ ಎರಡು ದಿನ ತಿಣುಕಿ ಅರೆಬರೆ ಮಾಡುತ್ತಿದ್ದ ಕೆಲಸ ಇವಕ್ಕೆ ನಾಲ್ಕು ತಾಸಿನದು. ಪರದೆಯನ್ನು ಕಂಡುಹಿಡಿದ ಡಾ. ನಜ್ಮಾ ಸವಣೂರ ತಾವೇ ಬಂದು ಈ ಘಟಕದಲ್ಲಿ ಬೀಡುಬಿಟ್ಟಿದ್ದರು.

೨೦೬೧ರ ನಿಯಮ ಕಟ್ಟುನಿಟ್ಟಾಗಿತ್ತು. ಮೂವತ್ತು ದಿನ ಒಂದೇ ಸಮನೆ ಕುಡಿಯುವ ಮಟ್ಟದ ನೀರು ಹೊರಬಂದರೆ ಮಾತ್ರ ಅದನ್ನು ಕೆರೆಗೆ ಬಿಡಬಹುದು. ಅರಳೀಹಳ್ಳ ಪಟ್ಟಣಕ್ಕೆ ನಲ್ಲಿ ನೀರು ಬರುತ್ತಿದ್ದದ್ದು ಹನ್ನೊಂದು ದಿನಕ್ಕೊಮ್ಮೆ. ಕೆರೆ ತುಂಬಿದರೆ ದಿನಾ ಬರುತ್ತದೆ. ಇಪ್ಪತ್ತೊಂಬತ್ತು ದಿನ ಮುಗಿದಿತ್ತು. ಮರುದಿನ ನೀರು ಮಂಡಳಿಯ ಅಧಿಕಾರಿ ಲೋಕೂರ ತಪಾಸಣೆಗೆ ಬರುವವರಿದ್ದರು.

ಮರುದಿನ ಬೆಳಿಗ್ಗೆ ನಜ್ಮಾ ಬಂದು ನೋಡಿದರೆ ಪರದೆಗಳೆಲ್ಲ ಬಿಳುಚಿಕೊಂಡಿದ್ದವು. ಅಳತೆಯ ಯಂತ್ರದಲ್ಲಿ ಅಮೋನಿಯಾ ಏರುತ್ತಲೇ ಇತ್ತು. ಅವರು ಕಟ್ಟೆಯ ಮೇಲಿಂದಲೇ ಕೂಗಿದರು.

“ಇದರಾಗ ಏನ್ ಬಿದ್ದೈತಿ, ದುರಗಪ್ಪಣ್ಣ?”

ದುರಗಪ್ಪ ಘಟಕದ ಹಿರಿಯ ಆಪರೇಟರ್. ಮೂವತ್ತೊಂದು ವರ್ಷದ ಸರ್ವಿಸು. “ನಾನ ಹಾಕೀನ್ರಿ, ಮೇಡಂ. ಬ್ಲೀಚಿಂಗ್ ಪುಡಿ. ದಾರಿ ಬದಿಗೆಲ್ಲಾ ಗೆರೆ ಎಳೆದು, ವಾಸನಿ ಬರಬಾರದಂತ ತೊಟ್ಟಿಗೆ ಬರೋ ಕಾಲುವಿಗೂ ನಾಕ್ ಬಕೆಟ್ ಸುರುವಿದೆ. ಸಾಹೇಬ್ರು ಬರಾಕತ್ತಾರ ಅಂದ್ರ ನಾವು ಹಂಗ ಮಾಡೋದು.”

ಹಾಗೆ ಮಾಡಬೇಡಿ ಎಂದು ನಜ್ಮಾ ಹೇಳಿರಲಿಲ್ಲ. ಇಂಥ ಪದ್ಧತಿಯೊಂದು ಇದೆಯೆಂದು ಯಾವ ಪ್ರಯೋಗಾಲಯದಲ್ಲಿ ಕಲಿಸುತ್ತಾರೆ, ಹೇಳಿ! ಕ್ರಿಮಿ ಕೊಲ್ಲುವ ಪುಡಿ ಕೆಟ್ಟ ಕ್ರಿಮಿ, ದುಡಿಯುವ ಕ್ರಿಮಿ ಎಂದು ಭೇದ ಮಾಡುವುದಿಲ್ಲ. ನಜ್ಮಾಗೆ ಸಿಟ್ಟು ಬಂತು, ಆ ಮನುಷ್ಯನ ಮುಖ ನೋಡಿ ಇಳಿಯಿತು. ಒಂದು ಪರದೆಯನ್ನು ಮೇಲೆತ್ತಿ ಉಗುರಿನಿಂದ ಕೆರೆದರು. ಒಳಪದರ ಇನ್ನೂ ಹಸಿರಾಗಿತ್ತು.

“ಮ್ಯಾಲಿನವು ಅಷ್ಟ ಸತ್ತಾವು. ಮೂರು ದಿನದಾಗ ಮತ್ತ ಚಿಗಿತಾವು. ಆದ್ರ ಎಣಿಕೆ ಒಂದರಿಂದ ಶುರು ಆಗ್ತೈತಿ.”

“ಇನ್ನೂ ಒಂದು ತಿಂಗಳ ನಮ್ಮ ಓಣಿ ಹೆಣ್ಮಕ್ಕಳು ನನ್ನ ಸಲುವಾಗಿ ಟ್ಯಾಂಕರ್ ಕಾಯಬೇಕಲ್ರಿ,” ಎಂದು ದುರಗಪ್ಪ ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಲೋಕೂರ ಬಂದಾಗ ಮಾತ್ರ ಎದ್ದು ನಿಂತು ತಾನೇ ಎಲ್ಲವನ್ನೂ ಹೇಳಿದ. ಕೊನೆಗೆ, “ಸಾಹೇಬ್ರ, ಇನ್ಮ್ಯಾಲೆ ಹೇಳದ ಬರ್ರಿ. ನೀವು ಬರ್ತೀರಿ ಅಂತ ಗೊತ್ತಾದ್ರ ನಮ್ಮ ಕೈ ಸುಮ್ನಿರಂಗಿಲ್ಲ,” ಎಂದ.

ಲೋಕೂರರಿಗೆ ಏನನ್ನಿಸಿತೋ, ಮುಂದಿನ ಮೂವತ್ತಮೂರು ದಿನಗಳಲ್ಲಿ ಏಳು ಸಲ ಹೇಳದೆ ಕೇಳದೆ ಬಂದರು. ಒಮ್ಮೆ ದುರಗಪ್ಪ ಬನಿಯನ್ನಿನಲ್ಲಿದ್ದ. ಇನ್ನೊಮ್ಮೆ ಎಲ್ಲರೂ ಊಟಕ್ಕೆ ಕುಳಿತಿದ್ದರು. ಚಿಗಿತ ಮೇಲೆ ಪರದೆಗಳ ಹಸಿರು ಒಂದು ದಿನವೂ ಮಾಸಲಿಲ್ಲ. ನೀರು ಪಾಸಾಯಿತು, ಎರಡು ತಿಂಗಳಲ್ಲಿ ಕೆರೆಯೂ ತುಂಬಿತು.

ನಲ್ಲಿಗೆ ದಿನಾ ನೀರು ಬರತೊಡಗಿದ ನಾಲ್ಕನೆಯ ಬೆಳಿಗ್ಗೆ, ಓಣಿಯ ಗಿರಿಜವ್ವ ತುಂಬಿದ ಕೊಡವನ್ನು ಬಗ್ಗಿ ನೋಡಿ ದುರಗಪ್ಪನನ್ನು ತಡೆದಳು.

“ದಿನಾ ಇಷ್ಟು ಚೊಲೋ ನೀರು ಬಿಡಾಕತ್ತೀರಿ. ಊರಿಗೆ ಯಾರ್ ಬರವ್ರದಾರ, ಮಂತ್ರಿಗಳೇನು?”

“ಯಾರೂ ಬರಂಗಿಲ್ಲ, ಯವ್ವಾ. ನಿಮಗ ಬಿಟ್ಟೇವಿ.”