ಬೀರುವಿನ ಮೇಲಿನ ಪೆಟ್ಟಿಗೆ

"ಬೇಡ ಕಣೋ, ಇಳಿ ಕೆಳಗೆ!"

ಜೀರುಂಡೆ ಎರಡೂ ಕೈಯಿಂದ ಸ್ಟೂಲನ್ನು ಗಟ್ಟಿಯಾಗಿ ಹಿಡಿದಿದ್ದಳು. ಮೇಲೆ ತುದಿಗಾಲಲ್ಲಿ ನಿಂತ ಗುಂಡ ಬೀರುವಿನ ನೆತ್ತಿಯ ಮೇಲೆ ಕೈಯಾಡಿಸುತ್ತಿದ್ದ.

ಬಾಯಿ ಮುಚ್ಚದೆ ಮಾತಾಡುವ ಅವಳಿಗೆ ಇಡೀ ಕ್ಲಾಸ್ ಇಟ್ಟ ಹೆಸರು ಜೀರುಂಡೆ. ಗುಂಡ ಒಣಕಲು ಕಡ್ಡಿ. ಅದಕ್ಕೇ ಅವನಿಗೆ ಆ ಹೆಸರು!

"ಸಿಕ್ತು!" ಅವನು ಒಂದು ತಗಡಿನ ಪೆಟ್ಟಿಗೆ ಇಳಿಸಿ, ಮಂಚದ ಮೇಲಿಟ್ಟು ಮುಚ್ಚಳ ತೆಗೆದ. ಒಳಗೆ ಹಳೇ ಸ್ವೆಟರಿನ ಮೇಲೆ ಒಂದು ಪಿಸ್ತೂಲು ಮಲಗಿತ್ತು.

"ನಮ್ಮಜ್ಜಂದು. ಹಿಡ್ಕೊಂಡು ಒಂದು ಫೋಟೊ ತೆಗೆಯೋಣ. ಹೆದರ್ಬೇಡ, ಗುಂಡು ಇಲ್ಲ. ಈ ಮನೇಲಿರೋ ಗುಂಡ ನಾನೊಬ್ಬನೇ!"

ಬೇರೆ ದಿನವಾಗಿದ್ದರೆ ಜೀರುಂಡೆ ಬಿದ್ದು ಬಿದ್ದು ನಗುತ್ತಿದ್ದಳು. ಈಗ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಜನರ ಮನೆಗಳಲ್ಲಿ ಉಳಿದ ಹಳೇ ಬಂದೂಕು, ಪಿಸ್ತೂಲುಗಳನ್ನು ವಾಪಸ್ ಪಡೆದು, ತುಂಡು ಮಾಡಿಸಿ, ಗುಜರಿ ಕಬ್ಬಿಣವಾಗಿಸುವ ತಂಡಕ್ಕೆ ಅವಳ ಅಮ್ಮನೇ ಮುಖ್ಯಸ್ಥೆ. "ಖಾಲಿ ಅಂತ ಯಾರೇ ಹೇಳ್ಲಿ, ತುಂಬಿದೆ ಅಂತಲೇ ತಿಳ್ಕೋ. ಮುಟ್ಟಬೇಡ. ದೂರ ಹೋಗಿ ದೊಡ್ಡವರಿಗೆ ಹೇಳು," ಅನ್ನುತ್ತಿದ್ದಳು ಅಮ್ಮ.

"ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿದ್ದೀಯ, ನೆನಪಿದೆ ತಾನೆ?" ಗುಂಡ ಪೆಟ್ಟಿಗೆಯ ಕಡೆ ಕೈ ಚಾಚಿದ.

ಜೀರುಂಡೆ ಅವನ ಅಂಗಿ ಹಿಡಿದು ಹಿಂದಕ್ಕೆಳೆದಳು. ಉಸಿರು ತುಂಬಿಕೊಂಡು ಕಿರುಚಿದಳು. "ಅಜ್ಜೀ...!"

ಗಿಡಗಳಿಗೆ ನೀರು ಹಾಕುತ್ತಿದ್ದ ಗುಂಡನ ಅಜ್ಜಿ ಚೊಂಬಿನ ಸಮೇತ ಓಡಿಬಂದರು. ಪೆಟ್ಟಿಗೆ ನೋಡಿ ಅವರ ಮುಖದ ಬಣ್ಣವೇ ಬದಲಾಯಿತು. ಇಬ್ಬರನ್ನೂ ಹೊರಗೆಳೆದು ಬಾಗಿಲಿಗೆ ಚಿಲಕ ಹಾಕಿದರು.

"ನಿಮ್ಮಮ್ಮನಿಗೆ ಫೋನ್ ಮಾಡು, ಪುಟ್ಟಿ."

"ಚಾಡಿಕೋರಿ!" ಗುಂಡ ಹಲ್ಲು ಕಚ್ಚಿದ. "ನಿನ್ ಜೊತೆ ಟೂ!"

ಜೀರುಂಡೆಯ ಕಣ್ಣು ತುಂಬಿತು. ಆದರೂ ಫೋನ್ ಮಾಡಿದಳು.

ಜೀಪು ಬಂದಾಗ ಗುಂಡನ ಅಪ್ಪನೂ ಆಫೀಸಿನಿಂದ ಬಂದಿದ್ದರು. ಮೊದಲು ಇಳಿದ ದಪ್ಪ ಮೀಸೆಯವನಿಗೆ ಕೈಮುಗಿದು, "ಬನ್ನಿ ಸಾಹೇಬ್ರೇ," ಅಂದರು.

"ನಾನು ಡ್ರೈವರು ಸಾರ್. ಸಾಹೇಬ್ರು ಅಲ್ಲಿದ್ದಾರೆ," ಅಂದ ಅವನು.

ಜೀರುಂಡೆಯ ಅಮ್ಮ ಆಗಲೇ ಕೈಗವಸು ಹಾಕಿಕೊಳ್ಳುತ್ತಿದ್ದಳು. ಗುಂಡನ ಅಪ್ಪ ತಲೆ ಕೆರೆದುಕೊಂಡರು. "ಸುಮ್ನೆ ನಿಮಗೆ ತೊಂದರೆ ಮೇಡಂ. ಅದು ಖಾಲಿ."

"ನೋಡೋಣ ಸಾರ್. ಎಲ್ರೂ ಗೇಟಿನ ಆಚೆ ನಿಲ್ಲಿ."

ಎಲ್ಲರೂ ನಿಂತರು. ಸ್ವಲ್ಪ ಹೊತ್ತಿಗೆ ಅಮ್ಮ ಹೊರಗೆ ಬಂದಳು. ಅವಳ ಕೈಯ ಪ್ಲಾಸ್ಟಿಕ್ ಚೀಲದಲ್ಲಿ ಹಿತ್ತಾಳೆಯ ಪುಟ್ಟ ಗುಂಡೊಂದು ಹೊಳೆಯುತ್ತಿತ್ತು.

"ಒಂದು ಒಳಗೇ ಉಳಿದಿತ್ತು."

ಗುಂಡನ ಅಪ್ಪ ಮಗನನ್ನು ಬರಸೆಳೆದುಕೊಂಡರು. ಗುಂಡ ತನ್ನ ಕೈಗಳನ್ನೇ ತಿರುವಿ ತಿರುವಿ ನೋಡಿಕೊಂಡ.

"ಅಪ್ಪನ ನೆನಪಿಗೆ ಅಂತ ಇಟ್ಕೊಂಡಿದ್ವಿ..." ಗುಂಡನ ಅಪ್ಪ ತಡವರಿಸಿದರು.

"ನೆನಪಿಗೆ ಅವರ ಕನ್ನಡಕ ಇದೆ, ಕೊಡೆ ಇದೆ, ನಿನ್ನ ಮೊಂಡು ಮೂಗಿದೆ!" ಅಂದರು ಅಜ್ಜಿ. "ಇದನ್ನ ತಗೊಂಡು ಹೋಗಮ್ಮ. ಇನ್ನೊಂದು ಮಾತು. ಈ ಬೀದೀಲಿ ಯಾರ ಮನೇಲಿ ಏನು ಅಡಗಿದೆ ಅಂತ ಹೆಂಗಸರಿಗೆಲ್ಲ ಗೊತ್ತು. ಧೂಳು ಹೊಡೆಯೋರು ನಾವೇ ಅಲ್ವಾ!"

ಅಮ್ಮ ನಕ್ಕಳು. "ಹಾಗಾದ್ರೆ ಭಾನುವಾರ ನೀವೂ ನಮ್ಮ ತಂಡದ ಜೊತೆ ಬನ್ನಿ. ಜೀಪು ಕಂಡ್ರೆ ಜನ ಬಾಗಿಲು ಹಾಕ್ಕೋತಾರೆ. ನೀವು ಕರೆದ್ರೆ ತೆಗೀತಾರೆ."

ಮನೆಗೆ ಹೋಗುವಾಗ ಜೀಪಿನಲ್ಲಿ ಅಮ್ಮ ನೀರು ಕುಡಿದಳು. ಒಂದೇ ಉಸಿರಿಗೆ ಇಡೀ ಬಾಟಲಿ ಖಾಲಿಯಾಯಿತು.

"ಅಮ್ಮ, ನಿಂಗೂ ಭಯ ಆಯ್ತಾ?"

"ಆಯ್ತು. ಆಗುತ್ತೆ."

"ನಂಗೂ ಆಯ್ತು."

"ಗೊತ್ತು. ನಿನ್ನ ಕಿರುಚಾಟಕ್ಕೆ ಅಜ್ಜಿ ಚೊಂಬಿನ ನೀರೆಲ್ಲ ಸೀರೆ ಮೇಲೆ ಚೆಲ್ಕೊಂಡ್ರಂತೆ!"

ಭಾನುವಾರ ಬೀದಿಯಲ್ಲಿ ಅಜ್ಜಿ ಮುಂದೆ, ಅಮ್ಮನ ತಂಡ ಹಿಂದೆ. "ಬಾಗಿಲು ತೆಗಿಯಮ್ಮಾ, ನಾನೇ!" ಅಂತ ಅಜ್ಜಿ ಕೂಗಿದರೆ ಸಾಕು, ಅತ್ತೆ ಸೊಸೆಯರು ಬಂದು ಅಮ್ಮನನ್ನು ಒಳಗೆ ಕರೆಯುತ್ತಿದ್ದರು. ಅಟ್ಟದ ಮೇಲಿಂದ, ಹಾಸಿಗೆಯ ಅಡಿಯಿಂದ ಹಳೇ ಬಂದೂಕು, ಪಿಸ್ತೂಲುಗಳು ಒಂದೊಂದೇ ಹೊರಬಂದವು. ಗೊಣಗುವ ಗಂಡಸರು ಅಜ್ಜಿ ಕಣ್ಣು ಬಿಟ್ಟ ತಕ್ಷಣ ತೆಪ್ಪಗಾದರು.

ಜೀರುಂಡೆ ದೂರದ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಗುಂಡ ಬಂದು ಪಕ್ಕದಲ್ಲಿ ನಿಂತ.

"ಅವತ್ತು ನೀನು ಕೂಗದೇ ಇದ್ದಿದ್ರೆ..." ಅಂದ ಅವನು.

ಜೀರುಂಡೆ ಸ್ವಲ್ಪ ಜರುಗಿ ಜಾಗ ಕೊಟ್ಟಳು.

ಎದುರುಮನೆಯಿಂದ ಅಮ್ಮ ಬಂದೂಕಿನ ಉದ್ದನೆಯ ಪೆಟ್ಟಿಗೆ ಹೊತ್ತು ತಂದಳು. ಜೀಪು ಮುಂದಿನ ಮನೆಗೆ ಹೋಯಿತು. ಎದುರುಮನೆಯ ಹೆಂಗಸು ಕಂಕುಳಲ್ಲಿದ್ದ ಮಗುವನ್ನು ಮೆಲ್ಲಗೆ ನೆಲಕ್ಕಿಳಿಸಿದಳು. ಅದು ಕೇಕೆ ಹಾಕುತ್ತ, ಅಂಬೆಗಾಲಿಟ್ಟು ಒಳಕೋಣೆಗೆ ಹೋಯಿತು. ಇವತ್ತು ಆಕೆ ಅದರ ಹಿಂದೆ ಓಡಲಿಲ್ಲ; ಆ ಪೆಟ್ಟಿಗೆ ಈಗ ಒಳಕೋಣೆಯಲ್ಲಿರಲಿಲ್ಲ. ಬಾಗಿಲಿಗೆ ಒರಗಿ, ಅಮ್ಮ ಹೋದ ದಿಕ್ಕನ್ನೇ ನೋಡುತ್ತ ನಿಂತಳು.

ಜೀರುಂಡೆಯೂ ಅತ್ತಲೇ ನೋಡಿದಳು.